ಮಂದಣ್ಣನ ಮುಂದಿನ ಕಥೆ ಬರೆದರೆ ಕೇಸು ಬೀಳುತ್ತದೆಯೇ?

ತೇಜಸ್ವಿಯವರ ‘ಕರ್ವಾಲೊ’ ಓದಿ ಮುಗಿಸಿದ ಎಷ್ಟೋ ಜನರನ್ನು ಮಂದಣ್ಣ ಅಷ್ಟು ಸುಲಭಕ್ಕೆ ಬಿಟ್ಟು ಹೋಗುವುದಿಲ್ಲ. ಹಾರುವ ಓತಿ ಕೈತಪ್ಪಿದ ಮೇಲೆ ಅವನೇನಾದ, ಮತ್ತೆ ಜೇನು ಹಿಡಿಯಲು ಹೋದನೇ ಎಂದು ಕಲ್ಪಿಸಿಕೊಂಡು ಓದುಗನೊಬ್ಬ ಇಪ್ಪತ್ತು ಪುಟ ಬರೆದು, ನಾಲ್ಕು ಜನ ಓದಲಿ ಎಂದು ಇಂಟರ್ನೆಟ್ಟಿಗೆ ಹಾಕಿದ ಎನ್ನಿ. ಇದಕ್ಕೇ ಈಗ ಫ್ಯಾನ್ ಫಿಕ್ಷನ್ ಎನ್ನುತ್ತಾರೆ.

ಸ್ವಂತ ಸರಕಿಲ್ಲದವರ ಕೆಲಸ ಇದು ಎಂದು ಮೂಗು ಮುರಿಯುವವರು ಒಂದು ರಾತ್ರಿ ತಾಳಮದ್ದಳೆಗೆ ಕೂತು ಬರಲಿ. ಕರ್ಣ ವ್ಯಾಸರವನು, ಪ್ರಸಂಗದ ಪದ್ಯ ಇನ್ಯಾರದೋ. ಆದರೆ ಆ ರಾತ್ರಿ ಕರ್ಣ ಕೃಷ್ಣನಿಗೆ ಏನು ಉತ್ತರ ಕೊಡುತ್ತಾನೆ ಎಂಬುದು ಅರ್ಥಧಾರಿಯ ಸೊತ್ತು. ರನ್ನನೂ ಭಾರತದ ಕೊನೆಯ ಗದಾಯುದ್ಧವನ್ನೇ ಹಿಡಿದು ಕಾವ್ಯ ಕಟ್ಟಿದ. ಇನ್ನೊಬ್ಬರ ಪಾತ್ರದ ಬಾಯಿಗೆ ಮಾತು ಕೊಟ್ಟು ಕಲಿಯುವಷ್ಟು ಚೆನ್ನಾಗಿ ಬರವಣಿಗೆಯನ್ನು ಬೇರೆಲ್ಲೂ ಕಲಿಯಲಾಗದು ಎಂದೇ ನನ್ನ ಅಭಿಪ್ರಾಯ. ಆದರೆ ವ್ಯಾಸರ ವಾರಸುದಾರರು ವಕೀಲರ ನೋಟಿಸ್ ಕಳಿಸುವುದಿಲ್ಲ, ನಮ್ಮ ಕಾಲದ ಲೇಖಕರ ವಾರಸುದಾರರು ಕಳಿಸಬಹುದು.

ಆದ್ದರಿಂದ ಮೊದಲು ನೋಡಬೇಕಾದದ್ದು ಲೇಖಕರು ತೀರಿಕೊಂಡ ವರ್ಷ. 1957ರ ಕೃತಿಸ್ವಾಮ್ಯ ಕಾಯ್ದೆಯ 22ನೇ ಕಲಂ ಪ್ರಕಾರ ಲೇಖಕರ ಜೀವಿತಾವಧಿ ಮತ್ತು ಆನಂತರದ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ಲೆಕ್ಕ ಶುರುವಾಗುವುದು ಮರಣದ ಮುಂದಿನ ಜನವರಿಯಿಂದ. ಕೈಲಾಸಂ ತೀರಿಕೊಂಡದ್ದು 1946ರಲ್ಲಿ. 2007ರ ಆರಂಭದಿಂದ ಅವರ ಪೋಲಿಕಿಟ್ಟಿ ಎಲ್ಲರವನು. ಅವನ ಮುಪ್ಪಿನ ಕಥೆ ಬರೆದು ಮಾರಿದರೂ ಕೇಳುವವರಿಲ್ಲ. ಕುವೆಂಪು ಕೃತಿಗಳಿಗೆ 2054ರ ಕೊನೆಯವರೆಗೆ, ತೇಜಸ್ವಿಯವರ ಕೃತಿಗಳಿಗೆ 2067ರ ಕೊನೆಯವರೆಗೆ ರಕ್ಷಣೆ ಇದೆ. ಲೇಖಕರು ತೀರಿಕೊಂಡ ಮೇಲೆ ಮೊದಲ ಬಾರಿ ಅಚ್ಚಾದ ಕೃತಿಗೆ ಮಾತ್ರ ಪ್ರಕಟಣೆಯ ವರ್ಷದಿಂದ ಎಣಿಸಬೇಕು.

ಅವಧಿ ಮುಗಿಯದ ಕೃತಿಯ ವಿಷಯದಲ್ಲಿ ಜನ ಎರಡು ಕಡೆ ಎಡವುತ್ತಾರೆ. ‘ಐಡಿಯಾಗೆ ಕಾಪಿರೈಟ್ ಇಲ್ಲ’ ಎಂಬುದು ಒಂದು. ಮಾತೇನೋ ನಿಜ. ‘ಹಮ್ ಹಿಂದೂಸ್ತಾನಿ’ ನಾಟಕ ಮತ್ತು ‘ನ್ಯೂ ಡೆಲ್ಲಿ’ ಸಿನಿಮಾ ಕುರಿತ ಆರ್.ಜಿ. ಆನಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1978ರಲ್ಲಿ ಹೇಳಿದ್ದು ಅದನ್ನೇ: ವಸ್ತು, ಕಥಾಹಂದರ ಯಾರ ಸೊತ್ತೂ ಅಲ್ಲ. ಆದರೆ ಅಭಿಮಾನಿ ಬರೆಯುವ ಕಥೆ ಬರೀ ಐಡಿಯಾ ತೆಗೆದುಕೊಳ್ಳುವುದಿಲ್ಲವಲ್ಲ, ಹೆಸರು, ಸ್ವಭಾವ, ಊರು ಸಮೇತ ಪಾತ್ರವನ್ನೇ ಎತ್ತಿಕೊಳ್ಳುತ್ತದೆ. ‘ನಾಗರಾಜ್’ ಕಾಮಿಕ್ಸಿನ ನಾಯಕನನ್ನು ಹೋಲುವ ‘ನಾಗೇಶ್’ ಬಂದಾಗ ದೆಹಲಿ ಹೈಕೋರ್ಟ್ 1996ರಲ್ಲಿ ತಡೆಯಾಜ್ಞೆ ಕೊಟ್ಟಿತು. ಕೃತಿಯನ್ನು ಮರುಜೋಡಿಸಿ, ಮಾರ್ಪಡಿಸಿ ಬಳಸುವ ಹಕ್ಕೂ ಮೂಲದವರದೇ ಎಂದು ಕಾಯ್ದೆ ಹೇಳುತ್ತದೆ.

ಇನ್ನೊಂದು, ಕಥೆಯ ಕೆಳಗೆ ಅಮೆರಿಕದ ಕಾಯ್ದೆಯ 107ನೇ ಸೆಕ್ಷನ್ ಬರೆದು ‘ಹಕ್ಕು ಉಲ್ಲಂಘನೆಯ ಉದ್ದೇಶವಿಲ್ಲ’ ಎಂದು ಷರಾ ಹಾಕುವುದು. ಬಳ್ಳಾರಿಯಲ್ಲಿ ಕೂತು ಬರೆದವರಿಗೆ ಆ ಸೆಕ್ಷನ್ನಿನಿಂದ ಮೂರು ಕಾಸಿನ ಪ್ರಯೋಜನವಿಲ್ಲ. ನಮ್ಮದು 52ನೇ ಕಲಂ. ಖಾಸಗಿ ಬಳಕೆ, ವಿಮರ್ಶೆ, ವರದಿ ಇವಕ್ಕಾಗಿ ನ್ಯಾಯೋಚಿತವಾಗಿ ಬಳಸಿದರೆ ಉಲ್ಲಂಘನೆಯಲ್ಲ ಎನ್ನುತ್ತದೆ ಅದು. ನೋಟ್‌ಬುಕ್ಕಿನಲ್ಲಿ ಬರೆದು ಗೆಳತಿಗೆ ತೋರಿಸಿದ್ದು ಖಾಸಗಿ. ಸಾವಿರ ಜನ ಓದುವಲ್ಲಿ ಹಾಕಿದ್ದು ಖಾಸಗಿಯಲ್ಲ.

ವಿಮರ್ಶೆ ಎಂಬ ಬಾಗಿಲು ಮಾತ್ರ ಅಂದುಕೊಂಡದ್ದಕ್ಕಿಂತ ಅಗಲವಿದೆ. ತೋಪ್ಪಿಲ್ ಭಾಸಿ ಬರೆದ ‘ನಿಂಙಳೆನ್ನೆ ಕಮ್ಯುನಿಸ್ಟಾಕ್ಕಿ’ ಕೇರಳದ ಕಮ್ಯುನಿಸ್ಟ್ ಚಳವಳಿಯನ್ನು ಮನೆಮನೆಗೆ ಮುಟ್ಟಿಸಿದ ನಾಟಕ. ದಶಕಗಳ ನಂತರ ಸಿವಿಕ್ ಚಂದ್ರನ್ ಅದೇ ಪಾತ್ರಗಳನ್ನು, ಕೆಲವು ದೃಶ್ಯಗಳನ್ನೂ ತಂದು, ಚಳವಳಿ ಕೊನೆಗೆ ಯಾರ ಪಾಲಾಯಿತು ಎಂದು ಕೇಳುವ ಪ್ರತಿನಾಟಕ ಬರೆದರು. ವಿಷಯ ನ್ಯಾಯಾಲಯಕ್ಕೆ ಹೋಯಿತು. ಎಷ್ಟು ಎತ್ತಿಕೊಂಡಿದ್ದಾರೆ, ಯಾವ ಉದ್ದೇಶಕ್ಕೆ, ಮೂಲ ಕೃತಿಯ ಮಾರುಕಟ್ಟೆಗೆ ಇದು ಪೈಪೋಟಿಯೇ ಎಂಬ ಮೂರು ಪ್ರಶ್ನೆ ಇಟ್ಟುಕೊಂಡು ನೋಡಿದ ಕೇರಳ ಹೈಕೋರ್ಟ್ 1996ರಲ್ಲಿ ಚಂದ್ರನ್ ಪರ ನಿಂತಿತು. ನಿಮ್ಮ ಕಥೆಯನ್ನೂ ಈ ಮೂರು ಪ್ರಶ್ನೆಗೆ ಒಡ್ಡಿ ನೋಡಿ. ಮೂಲವನ್ನು ಪ್ರಶ್ನಿಸುವ, ಅದರ ಮೇಲೆ ಹೊಸ ಬೆಳಕು ಹಾಕುವ ಕಥೆಗೆ ಹೇಳಿಕೊಳ್ಳಲು ಆಧಾರವಿದೆ. ‘ಭಾಗ ಎರಡು’ ಎಂದು ಮುಖಪುಟ ಹಾಕಿ ಮಾರುವ ಪುಸ್ತಕಕ್ಕೆ ಇಲ್ಲ. ಪಾತ್ರವನ್ನು ಅಶ್ಲೀಲಕ್ಕೆ ಎಳೆದರೆ ಮತ್ತೊಂದು ತೊಡಕು: ಲೇಖಕರ ಗೌರವಕ್ಕೆ ಕುಂದು ತರುವ ವಿರೂಪವನ್ನು 57ನೇ ಕಲಂ ಅಡಿ ಪ್ರಶ್ನಿಸಬಹುದು, ಹಕ್ಕು ಮಾರಿಬಿಟ್ಟಿದ್ದರೂ ಸರಿ. ಬದುಕಿರುವ ಸಿನಿಮಾ ತಾರೆಯರ ಮೇಲೆ ಕಥೆ ಕಟ್ಟುವವರಿಗೆ ಮಾನಹಾನಿಯ ಭಯ ಬೇರೆ.

ಕ್ಷೇಮದ ದಾರಿ ಎಂದರೆ ಅನುಮತಿ. ಯಾರನ್ನು ಕೇಳುವುದು? ಮಕ್ಕಳನ್ನೇ ಎಂದುಕೊಳ್ಳಬೇಡಿ. ಶಿವರಾಮ ಕಾರಂತರ ಯಕ್ಷರಂಗ ಪ್ರಯೋಗಗಳ ಹಕ್ಕು ಅವರ ಉಯಿಲಿನಿಂದ ಬೇರೊಬ್ಬರಿಗೆ ಬಂದಿತ್ತು. ಮಣಿಪಾಲದ ಸಂಸ್ಥೆಯೊಂದರ ಜೊತೆ ನಡೆದ ಆ ವ್ಯಾಜ್ಯದಲ್ಲಿ 2009ರಲ್ಲಿ ಸುಪ್ರೀಂ ಕೋರ್ಟ್ ಉಯಿಲಿನ ಹಕ್ಕನ್ನು ಎತ್ತಿಹಿಡಿಯಿತು. ಜೊತೆಗೆ ಶಾಲೆ ಕಾಲೇಜಿನ, ಟಿಕೆಟ್ ಇಲ್ಲದ ಹವ್ಯಾಸಿ ಪ್ರದರ್ಶನಗಳಿಗೆ ಕಾಯ್ದೆ ಕೊಟ್ಟ ರಿಯಾಯಿತಿ ಹಾಗೇ ಇರುತ್ತದೆ ಎಂದೂ ಹೇಳಿತು. ಪ್ರಕಾಶಕರನ್ನು ವಿಚಾರಿಸಿ, ಹಕ್ಕುದಾರರಿಗೆ ಪತ್ರ ಬರೆಯಿರಿ. ಯಾವ ಪಾತ್ರ, ಎಲ್ಲಿ ಪ್ರಕಟಣೆ, ದುಡ್ಡು ಬರುತ್ತದೆಯೇ, ಎಷ್ಟು ಕಾಲಕ್ಕೆ ಎಂಬುದೆಲ್ಲ ಪತ್ರದಲ್ಲಿರಲಿ. ಫೋನಿನಲ್ಲಿ ‘ಹಾಕ್ಕೊಳ್ಳಿ ಬಿಡಿ’ ಎಂದದ್ದು ಲೈಸೆನ್ಸ್ ಆಗದು. ಅವರ ಒಪ್ಪಿಗೆ ಬರವಣಿಗೆಯಲ್ಲೇ ಬೇಕು.

ನೋಟಿಸ್ ಬಂದೇಬಿಟ್ಟರೆ? ವಕೀಲರ ನೋಟಿಸ್ ಕೋರ್ಟಿನ ಆದೇಶವಲ್ಲ. ಹಾಗಂತ ಕಸದಬುಟ್ಟಿಗೆ ಎಸೆಯುವಂತೆಯೂ ಇಲ್ಲ. ಗೊತ್ತಿದ್ದೂ ಮಾಡಿದ ಉಲ್ಲಂಘನೆಗೆ 63ನೇ ಕಲಂ 6 ತಿಂಗಳಿಂದ 3 ವರ್ಷದ ಸಜೆ, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ ಇಟ್ಟಿದೆ. ಅದು ಜಾಮೀನುರಹಿತ ಅಪರಾಧ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಲಾಭಕ್ಕಾಗಿ ಮಾಡದಿದ್ದರೆ ನ್ಯಾಯಾಲಯ ಶಿಕ್ಷೆ ಇಳಿಸಬಹುದು. ಕಥೆಯನ್ನು ತಾತ್ಕಾಲಿಕವಾಗಿ ತೆಗೆಯಿರಿ, ಹಕ್ಕು ಅವರದೇ ಎಂಬ ದಾಖಲೆ ಕೇಳಿ, ಬರೆದ ದಿನಾಂಕಗಳಿರುವ ಕರಡುಗಳನ್ನು ಜೋಪಾನ ಮಾಡಿ. ಬುಡವಿಲ್ಲದ ಬೆದರಿಕೆ ಅನ್ನಿಸಿದರೆ 60ನೇ ಕಲಂ ಅಡಿ ನೀವೇ ದಾವೆ ಹೂಡಿ ಅದನ್ನು ನಿಲ್ಲಿಸಬಹುದು. ಎಷ್ಟೋ ಬರಹಗಾರರಿಗೆ ಈ ಕಲಂ ಇರುವುದೇ ಗೊತ್ತಿಲ್ಲ. ವಕೀಲರ ಫೀಸಿನ ಚಿಂತೆಯಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯ ಎಷ್ಟೇ ಇರಲಿ, ಉಚಿತ ನೆರವಿಗೆ ಅರ್ಹರು.