ನಲಿ-ಕಲಿ ಕೋಣೆಗೆ ಟ್ಯಾಬ್ ಬಂದರೆ

ಊರಿನ ದಾನಿಗಳೋ ಹಳೆಯ ವಿದ್ಯಾರ್ಥಿಗಳೋ ಶಾಲೆಗೆ ಒಂದೆರಡು ಟ್ಯಾಬ್ ಕೊಡಿಸಿರುತ್ತಾರೆ. ಮಗುವಿಗೊಂದು ಇಲ್ಲದೆ ಏನು ಪ್ರಯೋಜನ ಎಂದು ಅವು ಬೀರು ಸೇರುತ್ತವೆ. ಆದರೆ ಒಂದರಿಂದ ಮೂರನೇ ತರಗತಿಯ ಮಕ್ಕಳು ಗುಂಪುಗುಂಪಾಗಿ ಕೂತು ಕಲಿಯುವ ನಲಿ-ಕಲಿ ಕೋಣೆಗೆ ಎರಡು ಟ್ಯಾಬ್ ಧಾರಾಳವಾಗಿ ಸಾಕು. ಅವುಗಳಿಂದ ಆಗಬೇಕಾದ ಮುಖ್ಯ ಕೆಲಸ ಒಂದೇ: ಮಗು ಓದುವುದನ್ನು ಕೇಳಿಸಿಕೊಳ್ಳುವುದು. ಮೂರು ತರಗತಿಗಳನ್ನು ಒಬ್ಬರೇ ನೋಡಿಕೊಳ್ಳುವ ಶಿಕ್ಷಕಿಗೆ ದಿನವೂ ಪ್ರತಿ ಮಗುವಿನ ಪಕ್ಕ ಕೂರಲು ಬಿಡುವೆಲ್ಲಿ?

ಮೊದಲು ಸಿದ್ಧತೆ

ಹಿಂದಿನ ಸಂಜೆಯೇ ಚಾರ್ಜ್ ಮಾಡಿಡಿ. ಬೇಕಾದ ಕಥೆಗಳನ್ನು ಮೊದಲೇ ಡೌನ್‌ಲೋಡ್ ಮಾಡಿ, ತರಗತಿಯಲ್ಲಿ ಇಂಟರ್‌ನೆಟ್ ಆಫ್ ಮಾಡಿ. ಆಂಡ್ರಾಯ್ಡ್ ಟ್ಯಾಬ್‌ನ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ ಪಿನ್ ಮಾಡುವ ಸೌಲಭ್ಯವಿದೆ. ಅದನ್ನು ಹಾಕಿದರೆ ಮಗು ಗೇಮ್ ಕಡೆಗೆ ಜಾರುವುದಿಲ್ಲ.

ಏನನ್ನು ಓದಿಸಬೇಕು?

ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕಥೆಗಳು ನಾಲ್ಕು ಹಂತಗಳಲ್ಲಿ ಉಚಿತವಾಗಿ ಸಿಗುತ್ತವೆ. ಪುಟಕ್ಕೆ ಒಂದೆರಡು ವಾಕ್ಯವಿರುವ ಮೊದಲ ಹಂತದಿಂದ ಶುರುಮಾಡಿ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ದೀಕ್ಷಾ ಆ್ಯಪ್‌ನಲ್ಲಿ ಪಾಠದ ಸಾಮಗ್ರಿ ತೆರೆದುಕೊಳ್ಳುತ್ತದೆ.

ಅಕ್ಷರ ಕಲಿಸುವ ಆ್ಯಪ್‌ಗಳ ವಿಚಾರದಲ್ಲಿ ಮಾತ್ರ ಎಚ್ಚರ. ಅವು ಸಾಮಾನ್ಯವಾಗಿ ಅ, ಆ, ಇ, ಈ ಎಂದು ಹೊರಡುತ್ತವೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊಳಕೆಯೊಡೆದ ನಲಿ-ಕಲಿಯಾದರೋ ರ, ಗ, ಸ, ದ, ಅ ಎಂದು ಆರಂಭಿಸುತ್ತದೆ. ಈ ಐದೇ ಅಕ್ಷರ ಬಂದರೆ ಸಾಕು, ಮಗು ಸರ, ಅರಸ, ಅಗಸ, ದಸರ ಎಂದು ಓದಿಬಿಡುತ್ತದೆ. ಒಂದನೇ ತರಗತಿಯ ಮಗುವನ್ನು ಎರಡು ದಾರಿಯಲ್ಲಿ ಎಳೆಯಬೇಡಿ. ತರಗತಿಯ ಕ್ರಮಕ್ಕೆ ಹೊಂದದ ಆ್ಯಪ್ ಬೇಡವೇ ಬೇಡ.

ಓದು, ರೆಕಾರ್ಡ್, ಕೇಳು

ಇಬ್ಬರಿಗೆ ಒಂದು ಟ್ಯಾಬ್, ಒಂದು ಪುಟ್ಟ ಕಥೆ. ಮೊದಲು ಇಬ್ಬರೂ ಮೆಲುದನಿಯಲ್ಲಿ ಓದಿಕೊಳ್ಳಲಿ. ಆಮೇಲೆ ಒಬ್ಬರು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ವಾಯ್ಸ್ ರೆಕಾರ್ಡರ್ ಒತ್ತಲಿ. ಮುಗಿದ ಕೂಡಲೇ ಇಬ್ಬರೂ ಅದನ್ನು ಕೇಳಬೇಕು. ಕೇಳುವಾಗ ಓದಿದ ಮಗುವಿನ ಬೆರಳು ಅಕ್ಷರಗಳ ಮೇಲೆ ಸಾಗಬೇಕು. ಹಾಗಾಗಿ ಕಥೆಯ ಮುದ್ರಿತ ಪ್ರತಿಯೊಂದು ಪಕ್ಕದಲ್ಲಿರಲಿ. ಬೆರಳು ‘ಕತ್ತೆ’ಯ ಮೇಲಿದ್ದು ಕಿವಿಗೆ ‘ಕತೆ’ ಎಂದು ಕೇಳಿದಾಗ ಮಗು ತಾನೇ ನಿಲ್ಲುತ್ತದೆ. ಒತ್ತಕ್ಷರ ಬಿಟ್ಟುಹೋದದ್ದನ್ನು ನಾವು ತಿದ್ದುವುದಕ್ಕೂ ಮಗುವೇ ಹಿಡಿಯುವುದಕ್ಕೂ ಬಹಳ ಅಂತರವಿದೆ. ಮತ್ತೊಮ್ಮೆ ಓದಿ ರೆಕಾರ್ಡ್ ಮಾಡಲಿ, ನಂತರ ಪಾತ್ರ ಅದಲುಬದಲಾಗಲಿ. ಇಷ್ಟಕ್ಕೆ ಹದಿನೈದು ನಿಮಿಷ ಸಾಕು.

ಶಾಲೆ ಬಿಟ್ಟ ಮೇಲೆ ದಿನಕ್ಕೆ ನಾಲ್ಕೈದು ಮಕ್ಕಳ ಓದು ಕೇಳಿ. ದೀರ್ಘದಲ್ಲಿ ಎಡವುತ್ತಾರೋ, ಒತ್ತಿನಲ್ಲೋ, ಅಕ್ಷರ ಅಕ್ಷರ ಬಿಡಿಸಿ ಓದುತ್ತಾರೋ ಬರೆದಿಟ್ಟುಕೊಳ್ಳಿ. ಮರುದಿನ ಯಾರ ಪಕ್ಕ ಕೂರಬೇಕೆಂಬುದು ಆಗ ಸ್ಪಷ್ಟ. ಆ ಮಗುವಿಗೆ ಕಥೆಯ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಿ. 2021ರಲ್ಲಿ ಆರಂಭವಾದ ನಿಪುಣ್ ಭಾರತ್ ಯೋಜನೆ ಕೂಡ ಮೂರನೇ ತರಗತಿ ಮುಗಿಯುವಷ್ಟರಲ್ಲಿ ಮಗು ಅರ್ಥಮಾಡಿಕೊಂಡು ಓದಬೇಕು ಎನ್ನುತ್ತದೆ.

ಮಕ್ಕಳದೇ ಪುಸ್ತಕ

ವಾರಕ್ಕೊಮ್ಮೆ ಟ್ಯಾಬ್ ಅಂಗಳಕ್ಕೆ ಹೋಗಲಿ. ಮಕ್ಕಳು ಬಿಸಿಯೂಟದ ಪಾತ್ರೆಯದೋ ಗೇಟಿನ ಬಳಿಯ ಆಡಿನದೋ ಫೋಟೊ ತೆಗೆದು ಒಂದು ವಾಕ್ಯ ಹೇಳಲಿ. ಮನೆಮಾತು ಲಂಬಾಣಿಯೋ ಉರ್ದುವೋ ಆದರೆ ಮೊದಲು ಅದರಲ್ಲೇ ಹೇಳಲಿ, ನಂತರ ಕನ್ನಡಕ್ಕೆ ಎಲ್ಲರೂ ಸೇರಿ ತರಲಿ. ನೀವು ಅದನ್ನು ಫೋಟೊ ಕೆಳಗೆ ಟೈಪ್ ಮಾಡಿಕೊಡಿ; ಇಂಥ ಪುಟಗಳು ಸೇರಿದರೆ ಅದೇ ಮಕ್ಕಳ ಪುಸ್ತಕ. ತಾನೇ ಹೇಳಿದ ಮಾತನ್ನು ಓದಲು ಯಾವ ಮಗುವೂ ಹಿಂಜರಿಯುವುದಿಲ್ಲ.

ಬರವಣಿಗೆ ಮಾತ್ರ ಸ್ಲೇಟು ಮತ್ತು ಗೋಡೆಯ ಕೆಳಭಾಗದ ಕಪ್ಪುಹಲಗೆಯಲ್ಲೇ ಇರಲಿ. ಗಾಜಿನ ಮೇಲೆ ಬೆರಳು ಆಡಿಸಿದರೆ ಬಳಪ ಹಿಡಿಯುವ ಕೈ ಪಳಗುವುದಿಲ್ಲ.

ಮಕ್ಕಳ ಧ್ವನಿ, ಫೋಟೊಗಳನ್ನು ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಾಕಬೇಡಿ. ತಿಂಗಳಿಗೊಂದು ರೆಕಾರ್ಡಿಂಗ್ ಉಳಿಸಿಕೊಂಡು ಉಳಿದವನ್ನು ಅಳಿಸಿ. ಪೋಷಕರ ಸಭೆಯ ದಿನ ಆಗಸ್ಟ್‌ನ ಓದು, ಜನವರಿಯ ಓದು ಎರಡನ್ನೂ ಆ ಮಗುವಿನ ಅಪ್ಪ–ಅಮ್ಮನಿಗೆ ಕೇಳಿಸಿ. ಓದು ಬಾರದ ತಾಯಿಗೂ ಮಗಳ ಪ್ರಗತಿ ಕಿವಿಯಲ್ಲೇ ಗೊತ್ತಾಗುತ್ತದೆ.