ಅಟ್ಯಾಚ್‌ಮೆಂಟ್ ಇಲ್ಲದೆ ಟೇಪರ್ ಟರ್ನಿಂಗ್

ನಮ್ಮ ವರ್ಕ್‌ಶಾಪಿನ ಲೇತ್‌ಗಳಲ್ಲಿ ಟೇಪರ್ ಟರ್ನಿಂಗ್ ಅಟ್ಯಾಚ್‌ಮೆಂಟ್ ಇಲ್ಲ. ಆದರೂ ಲ್ಯಾಬ್ ಪರೀಕ್ಷೆಯ ಡ್ರಾಯಿಂಗ್‌ನಲ್ಲಿ ಟೇಪರ್ ಮಾತ್ರ ತಪ್ಪೋದಿಲ್ಲ! ಲೇತ್ ಜೊತೆಗೇ ಬರುವ ಭಾಗಗಳಿಂದ ಈ ಕೆಲಸ ಮುಗಿಸೋದು ಹೇಗೆ, ನೋಡೋಣ.

ಟೇಪರ್ ಸ್ವಲ್ಪ ತಪ್ಪಿದರೆ ಏನಾಗುತ್ತೆ? ಟೇಲ್‌ಸ್ಟಾಕ್‌ನಲ್ಲಿ ಕೂರುವ ಡ್ರಿಲ್ ಚಕ್ಕನ್ನೇ ತಗೊಳ್ಳಿ. ಅದನ್ನು ಹಿಡಿದಿಡೋದು ಮೋರ್ಸ್ ಟೇಪರಿನ ಮೈಗೂ ರಂಧ್ರದ ಗೋಡೆಗೂ ನಡುವಿನ ಘರ್ಷಣೆ. ಕೋನ ತಪ್ಪಿದ್ದರೆ ಒಂದು ತುದಿ ಮಾತ್ರ ತಾಗುತ್ತೆ. ಡ್ರಿಲ್ ಮೇಲೆ ಭಾರ ಬಿದ್ದಾಗ ಚಕ್ ಜಾರಿ ತಿರುಗುತ್ತೆ, ಟೇಲ್‌ಸ್ಟಾಕಿನ ಒಳಮೈ ಗೀರಿ ಹಾಳಾಗುತ್ತೆ.

ಮೊದಲು ಲೆಕ್ಕ

ದೊಡ್ಡ ವ್ಯಾಸ 30 ಮಿ.ಮೀ., ಸಣ್ಣ ವ್ಯಾಸ 24 ಮಿ.ಮೀ., ಟೇಪರಿನ ಉದ್ದ 40 ಮಿ.ಮೀ. ಅಂತಿಟ್ಟುಕೊಳ್ಳಿ. ವ್ಯಾಸಗಳ ವ್ಯತ್ಯಾಸವನ್ನು ಉದ್ದದ ಎರಡರಷ್ಟರಿಂದ ಭಾಗಿಸಬೇಕು: 6 ÷ 80 = 0.075. ಇದು ಅರ್ಧ ಕೋನದ ಟ್ಯಾನ್. ಕೋನ ಸುಮಾರು 4 ಡಿಗ್ರಿ 17 ಮಿನಿಟ್. ಆ ‘ಎರಡು’ ಮರೆತರೆ ಟೇಪರ್ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತೆ.

1. ಕಾಂಪೌಂಡ್ ರೆಸ್ಟ್ ತಿರುಗಿಸುವುದು

ಗಿಡ್ಡ ಟೇಪರಿಗೆ ಇದೇ ಸುಲಭ. ಕಾಂಪೌಂಡ್ ರೆಸ್ಟನ್ನು ಅರ್ಧ ಕೋನಕ್ಕೆ ತಿರುಗಿಸಿ ಬಿಗಿ ಮಾಡಿ, ಕ್ಯಾರಿಯೇಜ್ ಲಾಕ್ ಮಾಡಿ. ಕಟ್‌ನ ಆಳ ಕ್ರಾಸ್ ಸ್ಲೈಡ್‌ನಿಂದ, ಫೀಡ್ ಕಾಂಪೌಂಡ್ ಹ್ಯಾಂಡಲ್‌ನಿಂದ. ಎರಡೂ ಕೈಯಲ್ಲಿ, ನಡುವೆ ನಿಲ್ಲಿಸದೆ ಒಂದೇ ಸಮ ತಿರುಗಿಸಿದರೆ ಫಿನಿಶ್ ಚೆನ್ನಾಗಿ ಬರುತ್ತೆ.

ಆದರೆ ಡಿಗ್ರಿ ಗೆರೆ ನೋಡಿ 17 ಮಿನಿಟ್ ಇಡೋದು ಕಷ್ಟ. ಅದಕ್ಕೆ ಡಯಲ್ ಗೇಜ್ ಬೇಕು. ಸೆಂಟರ್‌ಗಳ ನಡುವೆ ನೇರವಾದ ಟೆಸ್ಟ್ ಬಾರ್ ಹಿಡಿದು, ಟೂಲ್ ಪೋಸ್ಟ್‌ಗೆ ಡಯಲ್ ಕಟ್ಟಿ, ಅದರ ಮೊನೆ ಸೆಂಟರ್ ಎತ್ತರದಲ್ಲೇ ಬಾರ್‌ಗೆ ತಾಗಲಿ. ಹ್ಯಾಂಡಲ್‌ನ ಬ್ಯಾಕ್‌ಲ್ಯಾಶ್ ಕಳೆದು ಕಾಂಪೌಂಡನ್ನು 50 ಮಿ.ಮೀ. ಸರಿಸಿ. ಮೋರ್ಸ್ 2ನೇ ನಂಬರಿನ ಅರ್ಧ ಕೋನ ಸುಮಾರು 1 ಡಿಗ್ರಿ 26 ಮಿನಿಟ್. ಅದಕ್ಕೆ ಡಯಲ್ 1.25 ಮಿ.ಮೀ. ತೋರಿಸಬೇಕು. ತೋರಿಸದಿದ್ದರೆ ನಟ್ ಸ್ವಲ್ಪ ಸಡಿಲಿಸಿ, ಮೆಲ್ಲಗೆ ತಟ್ಟಿ, ಮತ್ತೆ ನೋಡಿ.

2. ಟೇಲ್‌ಸ್ಟಾಕ್ ಸರಿಸುವುದು

ಕಾಂಪೌಂಡ್ ಸ್ಲೈಡ್‌ಗೆ ನಿಲುಕದ ಉದ್ದದ, ಕಡಿಮೆ ಕೋನದ ಟೇಪರಿಗೆ ಈ ದಾರಿ. ಜಾಬ್ ಎರಡು ಸೆಂಟರ್‌ಗಳ ನಡುವೆ ಇರಬೇಕು. ಟೇಲ್‌ಸ್ಟಾಕ್ ನಮ್ಮ ಕಡೆಗೆ ಸರಿದರೆ ಆ ತುದಿ ಸಣ್ಣದಾಗುತ್ತೆ. ಜಾಬ್‌ನ ಪೂರ್ತಿ ಉದ್ದ 250, ಟೇಪರ್ ಉದ್ದ 100, ವ್ಯಾಸಗಳು 30 ಮತ್ತು 28 ಆದರೆ: 250 × 2 ÷ 200 = 2.5 ಮಿ.ಮೀ. ಸರಿಸಬೇಕು. ಇಲ್ಲಿ ಆಟೋ ಫೀಡ್ ಸಿಗೋದು ದೊಡ್ಡ ಲಾಭ.

ಲೆಕ್ಕದಲ್ಲಿ ಜಾಬ್‌ನ ಪೂರ್ತಿ ಉದ್ದ ಇರೋದನ್ನು ಗಮನಿಸಿ. ಹತ್ತು ಜಾಬ್ ಒಂದೇ ಟೇಪರ್ ಬರಬೇಕಾದರೆ ಹತ್ತೂ ಒಂದೇ ಉದ್ದ ಇರಬೇಕು. ಸೆಂಟರ್ ಓರೆಯಾಗಿ ಕೂರೋದರಿಂದ ರಂಧ್ರ ಬೇಗ ಸವೆಯುತ್ತೆ. ಬಾಲ್ ಸೆಂಟರ್ ಇದ್ದರೆ ವಾಸಿ.

3. ಫಾರ್ಮ್ ಟೂಲ್

ಕೆಲವೇ ಮಿ.ಮೀ. ಉದ್ದಕ್ಕೆ ಬೇಕಾದ ಕೋನಕ್ಕೇ ಟೂಲ್ ಗ್ರೈಂಡ್ ಮಾಡಿ ನೇರ ಒತ್ತಿದರೆ ಸಾಕು. ಅಗಲ ಹೆಚ್ಚಾದರೆ ಜಾಬ್ ಅದುರುತ್ತೆ. ವೇಗ ಕಡಿಮೆ ಇರಲಿ.

ಸರಿ ಬಂದಿದೆಯಾ?

ಮೊದಲ ಎರಡು ವಿಧಾನದಲ್ಲೂ ಟೂಲ್ ಮೊನೆ ಸರಿಯಾಗಿ ಸೆಂಟರ್ ಎತ್ತರದಲ್ಲೇ ಇರಬೇಕು. ಮೇಲೆ ಕೆಳಗೆ ಆದರೆ ಟೇಪರಿನ ಮೈ ನೇರ ಬರೋದಿಲ್ಲ.

ಮಷೀನ್ ಪೂರ್ತಿ ನಿಂತ ಮೇಲೆ ಟೇಪರಿನ ಉದ್ದಕ್ಕೂ ಪ್ರಷ್ಯನ್ ಬ್ಲೂ ತೆಳುವಾಗಿ ಮೂರು ಗೆರೆ ಎಳೆಯಿರಿ. ಸ್ಲೀವ್ ತೊಡಿಸಿ ಕಾಲು ಸುತ್ತು ತಿರುಗಿಸಿ ತೆಗೆಯಿರಿ. ಗೆರೆ ದೊಡ್ಡ ತುದಿಯಲ್ಲಿ ಮಾತ್ರ ಅಳಿಸಿದ್ದರೆ ಕೋನ ಜಾಸ್ತಿ, ಸಣ್ಣ ತುದಿಯಲ್ಲಿ ಮಾತ್ರ ಆದರೆ ಕಡಿಮೆ. ಕೊನೆಯ ಸೈಜಿಗೆ ಸ್ವಲ್ಪ ಲೋಹ ಉಳಿದಿರುವಾಗಲೇ ಈ ಪರೀಕ್ಷೆ ಮಾಡಿ.

ಕೋನ ಸರಿಯಿದ್ದು ಸ್ಲೀವ್ ಇನ್ನೂ 1 ಮಿ.ಮೀ. ಒಳಗೆ ಹೋಗಬೇಕು ಅನ್ನಿ. ಟೇಪರ್ 1:20 ಆದರೆ ವ್ಯಾಸದಲ್ಲಿ 0.05, ಅಂದರೆ ಟೂಲ್ ಮುಂದೆ ಹೋಗಬೇಕಾದ್ದು 0.025 ಮಿ.ಮೀ. ಮಾತ್ರ. ನಿಮ್ಮ ಡಯಲ್ ವ್ಯಾಸ ತೋರಿಸುತ್ತಾ, ತ್ರಿಜ್ಯ ತೋರಿಸುತ್ತಾ ಅಂತ ಮೊದಲೇ ತಿಳಿದಿರಿ.

ಕೆಲಸ ಮುಗಿದ ಮೇಲೆ ಟೇಲ್‌ಸ್ಟಾಕನ್ನು ಟೆಸ್ಟ್ ಬಾರ್ ಇಟ್ಟು ಮತ್ತೆ ಸೊನ್ನೆಗೆ ತನ್ನಿ. ಇಲ್ಲದಿದ್ದರೆ ಮುಂದಿನ ಬ್ಯಾಚಿನವರು ಪ್ಲೇನ್ ಟರ್ನಿಂಗ್ ಮಾಡಿದರೂ ಟೇಪರೇ ಬರುತ್ತೆ, ಕಾರಣ ಹುಡುಕೋದರಲ್ಲೇ ಅವರ ಮೂರು ಗಂಟೆ ಮುಗಿದುಹೋಗುತ್ತೆ.