ಮೊಳೆ ಹೊಡೆಯದೆ ಕ್ರಿಸ್‌ಮಸ್ ಅಲಂಕಾರ

ಪ್ರಶ್ನೆ: ಬೆಂಗಳೂರಿನಲ್ಲಿ ಬಾಡಿಗೆ ಮನೆ. ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ನಮ್ಮೂರು ಮಂಗಳೂರಿನಲ್ಲಿ ಮಾಡುವ ಹಾಗೆ ನಕ್ಷತ್ರ, ಗೋದಲಿ ಮಾಡುವಾಸೆ. ಎರಡು ವರ್ಷದ ಮಗನಿದ್ದಾನೆ. ಕಡಿಮೆ ಖರ್ಚಿನಲ್ಲಿ ಹೇಗೆ?

ಉತ್ತರ: ಮೊದಲು ಗೋದಲಿಯ ಹುಲ್ಲು, ಏಕೆಂದರೆ ಅದಕ್ಕೆ ಸಮಯ ಬೇಕು. ಡಿಸೆಂಬರ್ 13ರ ರಾತ್ರಿ ರಾಗಿ ನೆನೆಸಿ, ಮರುದಿನ ತಟ್ಟೆಯಲ್ಲಿ ತೆಳ್ಳಗೆ ಮಣ್ಣು ಹರಡಿ ಒತ್ತಾಗಿ ಚೆಲ್ಲಿ, ದಿನವೂ ನೀರು ಚಿಮುಕಿಸಿ. ಹಬ್ಬದ ಹೊತ್ತಿಗೆ ಹಸಿರು ಗದ್ದೆ ಸಿದ್ಧ. ಕೊಟ್ಟಿಗೆಗೆ ಹಳೆಯ ರಟ್ಟಿನ ಡಬ್ಬವೇ ಸಾಕು. ಬಾಲಯೇಸುವನ್ನು ಮಾತ್ರ 24ರ ರಾತ್ರಿ ಇಡಿ.

ನಕ್ಷತ್ರಕ್ಕೆ ಒಂದೇ ಅಳತೆಯ ಹತ್ತು ಬಿದಿರು ಕಡ್ಡಿ ಬೇಕು. ಐದೈದರಲ್ಲಿ ಎರಡು ನಕ್ಷತ್ರ ಕಟ್ಟಿ, ಒಂದರ ಮೇಲೊಂದಿಟ್ಟು ಐದೂ ತುದಿಗಳನ್ನು ಬಿಗಿಯಿರಿ. ನಡುವೆ ಕಡ್ಡಿಗಳು ಒಂದನ್ನೊಂದು ದಾಟುವ ಐದು ಕಡೆ ಗಿಡ್ಡ ಕಡ್ಡಿ ಸಿಕ್ಕಿಸಿದರೆ ಉಬ್ಬು ಬರುತ್ತದೆ. ಗಾಳಿಪಟದ ಕಾಗದವನ್ನು ಮೈದಾ ಅಂಟಿನಿಂದ ಹಚ್ಚಿ, ಕಿಟಕಿಯ ಸರಳಿಗೆ ನೇತುಹಾಕಿ. ಅಂಗಡಿಯ ಪ್ಲಾಸ್ಟಿಕ್ ನಕ್ಷತ್ರಕ್ಕಿಂತ ಇದರ ಬೆಳಕು ನನಗೆ ಹೆಚ್ಚು ಇಷ್ಟ. ಒಳಗೆ ಚಿಕ್ಕ ಎಲ್‌ಇಡಿ ಬಲ್ಬ್ ಮಾತ್ರ, ಅದೂ ಕಾಗದಕ್ಕೆ ತಾಗದಂತೆ. ಹಳೆಯ ತಂತಿಯ ಬಲ್ಬ್ ಬೇಡವೇ ಬೇಡ. ಹೊರಗಿನ ಬಾಲ್ಕನಿಗೆ ವೈರ್ ಎಳೆಯುವುದಾದರೆ ಎಲೆಕ್ಟ್ರೀಷಿಯನ್ ಕರೆಸಿ.

ಮಗನಿಗೆ ಎಟುಕುವಲ್ಲಿ ಮೇಣದಬತ್ತಿ, ಗುಂಡುಪಿನ್ನು ಇರಬಾರದು. ಪುಟ್ಟ ದೀಪದ ಸರಗಳಲ್ಲಿರುವ ಬಟನ್ ಬ್ಯಾಟರಿ ಇನ್ನೂ ಅಪಾಯಕಾರಿ. ನುಂಗಿದ ಅನುಮಾನ ಬಂದರೂ ವಾಂತಿ ಮಾಡಿಸಲು ಹೋಗದೆ, ತಕ್ಷಣ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ.